ಸರಿಗೆಯ ಸುರುಳಿ ಮತ್ತು ಅದರ ಚೀಟಿ

ಮೊಳಕಾಲ್ಮೂರಿನ ಸೀರೆಯಾಗಲಿ ಮೈಸೂರು ರೇಷ್ಮೆಯಾಗಲಿ ಕೈಗೆ ಬಂದಾಗ ನಮ್ಮ ದೃಷ್ಟಿ ಮೊದಲು ಹರಿಯುವುದು ಸೆರಗು ಅಂಚುಗಳ ಸರಿಗೆಯ ಕಡೆಗೆ. ರೇಷ್ಮೆ ನಮ್ಮ ನಾಡಿನದಿರಬಹುದು, ನೇಯ್ದವನೂ ಕನ್ನಡಿಗನೇ ಇರಬಹುದು. ಆದರೆ ಆ ಹೊಳೆಯುವ ಎಳೆ ಬಹುಮಟ್ಟಿಗೆ ತಾಪಿ ನದಿಯ ದಂಡೆಯ ಮೇಲಿರುವ ಸೂರತ್ತಿನಿಂದ ಬಂದುದು. ಗುಜರಾತಿಗೂ ಕರ್ನಾಟಕಕ್ಕೂ ಇರುವ ನಂಟನ್ನು ಕುರಿತು ಹೇಳುವಾಗ ನಾವು ಸೋಲಂಕಿಗಳನ್ನೂ ಚಾಲುಕ್ಯರನ್ನೂ ನೆನೆಯುತ್ತೇವೆ. ಪ್ರತಿದಿನವೂ ಮಗ್ಗದ ಮೇಲೆ ನಡೆಯುತ್ತಿರುವ ಈ ನಂಟನ್ನು ಮರೆಯುತ್ತೇವೆ. ಕುಶಲಕರ್ಮಿಗೆ ಬೇಕಾದ ಸಾಮಗ್ರಿಯನ್ನು ಮಾರುವವನು ಅದರ ಹೊದಿಕೆಯ ಮೇಲೆ ಏನನ್ನು ಚಿತ್ರಿಸಿದನು, ಏನನ್ನು ಬರೆದನು, ಯಾರಿಗಾಗಿ ಬರೆದನು ಎಂಬುದನ್ನು ಸೂರತ್ತು, ಅಹಮದಾಬಾದು, ವಡೋದರಾ ಈ ಮೂರು ಪಟ್ಟಣಗಳ ಇತಿಹಾಸದಿಂದ ತಿಳಿಯುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ಬೆಳ್ಳಿಯ ಸರಳನ್ನು ಅಕ್ಕಸಾಲಿಗರ ಕಂಬಚ್ಚಿನಂತೆ ರಂಧ್ರಗಳುಳ್ಳ ಅಚ್ಚುಗಳಲ್ಲಿ ಮತ್ತೆ ಮತ್ತೆ ಎಳೆದು ಕೂದಲಿಗಿಂತ ತೆಳುವಾದ ತಂತಿಯನ್ನಾಗಿ ಮಾಡುತ್ತಾರೆ. ಆ ತಂತಿಯನ್ನು ಚಪ್ಪಟೆ ಮಾಡಿದರೆ ಅದು ಬಾದ್ಲಾ. ಬಾದ್ಲಾವನ್ನು ರೇಷ್ಮೆಯ ದಾರದ ಸುತ್ತ ಸುತ್ತಿ, ಅದಕ್ಕೆ ಚಿನ್ನದ ಲೇಪ ಕೊಟ್ಟರೆ ಅದು ಅಸಲು ಸರಿಗೆ. ಬೆಳ್ಳಿಯ ಬದಲು ತಾಮ್ರದ ತಂತಿಗೆ ಬೆಳ್ಳಿಯ ಲೇಪ ಕೊಟ್ಟು ಮಾಡಿದುದು ಅನುಕರಣದ ಸರಿಗೆ. ಇತ್ತೀಚಿನ ದಶಕಗಳಲ್ಲಿ ಲೋಹದ ಲೇಪವುಳ್ಳ ಪಾಲಿಯೆಸ್ಟರ್ ಹಾಳೆಯನ್ನು ಸೀಳಿ ಮಾಡಿದ ಪ್ಲಾಸ್ಟಿಕ್ ಸರಿಗೆಯೂ ಬಂದಿದೆ. ಅಂಗಡಿಯಲ್ಲಿ ಹೊಸದಾಗಿರುವಾಗ ಈ ಮೂರೂ ಹೊಳೆಯುತ್ತವೆ. ಭೇದ ತಿಳಿಯುವುದು ಕಾಲಾಂತರದಲ್ಲಿ: ಸೀರೆ ಪೆಟ್ಟಿಗೆಯಲ್ಲಿ ಕೆಲವು ಮಳೆಗಾಲಗಳನ್ನು ಕಳೆದ ಮೇಲೆ ತಾಮ್ರವು ಕಪ್ಪಾಗುತ್ತದೆ; ಅಥವಾ ಹಳೆಯ ಸೀರೆಯನ್ನು ಕೊಳ್ಳುವವನು ಅದನ್ನು ಸುಟ್ಟು ಬೆಳ್ಳಿಯನ್ನು ಹುಡುಕಿದಾಗ ಸತ್ಯ ಹೊರಬೀಳುತ್ತದೆ. ಅಷ್ಟರಲ್ಲಿ ಸರಿಗೆ ಮಾರಿದವನ ಹೆಸರು ಯಾರಿಗೂ ನೆನಪಿರುವುದಿಲ್ಲ. ಅಪವಾದವೆಲ್ಲ ನೇಕಾರನ ಪಾಲಿಗೆ ಬರುತ್ತದೆ.

ಆದುದರಿಂದ ಸರಿಗೆಯ ಹೊದಿಕೆಗೆ ಎರಡು ಕರ್ತವ್ಯಗಳಿವೆ. ಗಾಳಿಯಲ್ಲಿರುವ ಗಂಧಕದ ಅಂಶವೂ ತೇವವೂ ತಾಗಿ ಬೆಳ್ಳಿ ಮಂಕಾಗದಂತೆ ಕಾಪಾಡುವುದು ಮೊದಲನೆಯದು. ಕಣ್ಣಿಗೆ ಕಾಣದ ಲೋಹಕ್ಕೆ ಸಾಕ್ಷಿ ಹೇಳುವುದು ಎರಡನೆಯದು. ಈ ಎರಡನೆಯದೇ ಕಷ್ಟವಾದುದು.

ಸೂರತ್ತಿನ ವರ್ತಕರು ಇದನ್ನು ಪೈಪೋಟಿಯಿಂದ ಕಲಿತರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಯಂತ್ರದ ಸರಿಗೆ ನಮ್ಮ ಮಾರುಕಟ್ಟೆಗಳಲ್ಲಿ ಹರಡಿತ್ತು. ಒಂದೇ ದಪ್ಪ, ಒಂದೇ ತೂಕ, ಒಂದೇ ಬಣ್ಣ ಎಂಬುದು ಅದರ ಹಿರಿಮೆ. ಒಂದು ಗುರುತಿನ ಸುರುಳಿಯನ್ನು ಕೊಂಡ ನೇಕಾರನು ಮುಂದಿನ ಸಲವೂ ಅದೇ ಗುರುತನ್ನು ಕೇಳಿದರೆ ಅದೇ ಸರಕು ಸಿಕ್ಕುತ್ತಿತ್ತು. ದೇಶೀಯ ಉದ್ಯಮದ ಮೊರೆಯನ್ನು ಸುಂಕ ಮಂಡಲಿಯು 1930ರಲ್ಲಿ ವಿಚಾರಿಸಿತು. 1931ರಲ್ಲಿ ಚಿನ್ನದ ಸರಿಗೆಯ ಉದ್ಯಮಕ್ಕೆ ಸಂರಕ್ಷಣೆ ಕೊಡುವ ಕಾಯಿದೆ ಜಾರಿಗೆ ಬಂತು. ಪರದೇಶದ ಸರಕು ಹಿಂದೆ ಸರಿಯಿತು. ಆದರೂ ಅದರ ಒಂದು ಕುರುಹು ಉಳಿದುಕೊಂಡಿದೆ: ದಕ್ಷಿಣದ ನೇಕಾರರು ಸರಿಗೆಯನ್ನು ‘ಮಾರ್ಕು’ ಎಂಬ ಲೆಕ್ಕದಲ್ಲಿ ಕೊಳ್ಳುತ್ತಾರೆ. ಒಂದು ಮಾರ್ಕೆಂದರೆ ಸುಮಾರು 242 ಗ್ರಾಂ. ಫ್ರಾನ್ಸಿನಲ್ಲಿ ಚಿನ್ನ ಬೆಳ್ಳಿಗಳನ್ನು ತೂಗುತ್ತಿದ್ದ ಹಳೆಯ ಮಾರ್ಕು ಸುಮಾರು 245 ಗ್ರಾಂ ಆಗಿದ್ದಿತು. ಈ ಸಾಮ್ಯ ಆಕಸ್ಮಿಕವಾಗಿರಲಾರದು. ಸಂರಕ್ಷಣೆಯು ಸುಂಕವನ್ನು ಕೊಡಬಲ್ಲದು, ನಂಬಿಕೆಯನ್ನು ಕೊಡಲಾರದು. ಅದನ್ನು ಗುರುತಿನ ಮೂಲಕವೇ ಸಂಪಾದಿಸಬೇಕು.

ಗುರುತಿನ ಈ ಕಲೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದ ಪಟ್ಟಣ ಅಹಮದಾಬಾದು. ಅಲ್ಲಿ ರಣಛೋಡಲಾಲ್ ಛೋಟಾಲಾಲರ ಮೊದಲನೆಯ ಗಿರಣಿ 1861ರಲ್ಲಿ ಕೆಲಸ ಆರಂಭಿಸಿತು. ಕ್ಯಾಲಿಕೋ ಗಿರಣಿ 1880ರಲ್ಲಿ ಹುಟ್ಟಿತು. ಆಗ ಮ್ಯಾಂಚೆಸ್ಟರಿನಿಂದ ಬರುತ್ತಿದ್ದ ಬಟ್ಟೆಯ ತಾನುಗಳ ಮೇಲೆ ಬಣ್ಣದ ಕಲ್ಲಚ್ಚಿನ ಚೀಟಿಗಳನ್ನು ಅಂಟಿಸುತ್ತಿದ್ದರು. ಅವುಗಳಿಗೆ ಟಿಕೆಟ್, ಟೀಕಾ, ಛಾಪು ಎಂಬ ಹೆಸರುಗಳಿದ್ದುವು. ನಮ್ಮ ಗಿರಣಿಗಳೂ ಅದೇ ಹಾದಿಯನ್ನು ಹಿಡಿದುವು. ಅಕ್ಷರ ಬಾರದ ಗಿರಾಕಿಯೂ, ಬೇರೆ ಲಿಪಿಯ ನಾಡಿನ ಗಿರಾಕಿಯೂ ಆನೆಯ ಛಾಪು, ಹುಲಿಯ ಛಾಪು ಎಂದು ಚಿತ್ರವನ್ನು ಹೇಳಿ ಬಟ್ಟೆ ಕೇಳಬಹುದಾಗಿತ್ತು. ಚಿತ್ರಕ್ಕೆ ಬೆಲೆ ಬಂದಂತೆ ಚಿತ್ರದ ಕಳವೂ ಹೆಚ್ಚಿತು. ಸುಳ್ಳು ಗುರುತನ್ನು ದಂಡಿಸುವ ಸರಕು ಮುದ್ರೆಗಳ ಕಾಯಿದೆ 1889ರಲ್ಲಿ ಬಂತು. ಗುರುತನ್ನು ನೋಂದಾಯಿಸುವ ಅವಕಾಶ ದೊರೆಯಲು 1940ರ ಕಾಯಿದೆಯವರೆಗೆ ಕಾಯಬೇಕಾಯಿತು.

ಈ ಚೀಟಿಗಳ ಮೇಲಿನ ಲಕ್ಷ್ಮಿ ಸರಸ್ವತಿಯರ ರೂಪಕ್ಕೆ ವಡೋದರೆಯ ಋಣವುಂಟು. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು ರವಿವರ್ಮನಿಂದ 14 ಪೌರಾಣಿಕ ಚಿತ್ರಗಳನ್ನು ಬರೆಯಿಸಿದರು. ದಿವಾನರಾಗಿದ್ದ ಸರ್ ಟಿ. ಮಾಧವರಾಯರು ಇಂಥ ಚಿತ್ರಗಳ ಅಚ್ಚಿನ ಪ್ರತಿಗಳನ್ನು ತೆಗೆಯಿಸಬೇಕೆಂದು ಅವನಿಗೆ ಸೂಚಿಸಿದ್ದರು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಆರಂಭವಾದ ಮೇಲೆ ಆ ದೇವತೆಗಳು ಅರಮನೆಯಿಂದ ಮನೆಯ ಗೋಡೆಗೂ, ಗೋಡೆಯಿಂದ ಬಟ್ಟೆಯ ಚೀಟಿಗೂ ಇಳಿದರು. ಸ್ವಾತಂತ್ರ್ಯಾನಂತರ ಇದೇ ಪಟ್ಟಣದಲ್ಲಿ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯವೂ ಅದರ ಲಲಿತಕಲಾ ವಿಭಾಗವೂ ಸ್ಥಾಪಿತವಾದುವು. ಅಲ್ಲಿ ಬೋಧಿಸುತ್ತಿದ್ದ ಕೆ. ಜಿ. ಸುಬ್ರಮಣ್ಯನ್ ಅವರು 1959ರಿಂದ 1961ರವರೆಗೆ ಅಖಿಲ ಭಾರತ ಕೈಮಗ್ಗ ಮಂಡಲಿಯಲ್ಲಿ ವಿನ್ಯಾಸದ ಕೆಲಸ ಮಾಡಿದರು. ಕಲಾವಿದನಿಗೂ ನೇಕಾರನಿಗೂ ನಡುವೆ ಗೋಡೆ ಇರಬೇಕಾಗಿಲ್ಲವೆಂದು ಜೀವಮಾನವಿಡೀ ತೋರಿಸಿದರು.

ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅದಕ್ಕೆ ಆಧಾರವಾದುದು ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಕೊಟ್ಟ ವರದಿ. ಅವರು ಭಾರತದಲ್ಲಿ ಮೆಚ್ಚಿದ ವಸ್ತುಗಳಲ್ಲಿ ಸಾಮಾನ್ಯವಾದ ಚೊಂಬಿಗೆ ಅಗ್ರಸ್ಥಾನ ಕೊಟ್ಟರು. ಅದನ್ನು ಯಾರು ಹೊರುತ್ತಾರೆ, ಹೇಗೆ ಹಿಡಿಯುತ್ತಾರೆ, ಹೇಗೆ ಸುರಿಯುತ್ತಾರೆ, ಹೇಗೆ ತೊಳೆಯುತ್ತಾರೆ ಎಂಬ ಪ್ರಶ್ನೆಗಳಿಂದ ವಿನ್ಯಾಸವು ಆರಂಭವಾಗಬೇಕೆಂಬುದು ಅವರ ಆಶಯ. ಚೊಂಬಿಗೆ ಹಾಕಿದ ಪ್ರಶ್ನೆಗಳನ್ನು ಸರಿಗೆಯ ಪೊಟ್ಟಣಕ್ಕೂ ಹಾಕಬಹುದಷ್ಟೆ. ಅದನ್ನು ಬಿಚ್ಚುವವನು ಯಾರು? ಮಗ್ಗದ ಗುಂಡಿಯಲ್ಲಿ ಕುಳಿತ ನೇಕಾರ. ಅವನು ಅದರ ಮೇಲೆ ಓದಬೇಕಾದುದೇನು? ಬೆಳ್ಳಿಯೆಷ್ಟು, ಚಿನ್ನವೆಷ್ಟು, ಒಳಗಿನ ದಾರ ಯಾವುದು, ತೂಕವೆಷ್ಟು ಎಂಬಿಷ್ಟೇ. ಯಾವ ಲಿಪಿಯಲ್ಲಿ ಓದುವನು?

ಇಲ್ಲಿಯೇ ನಮ್ಮ ಸಂಕಟವಿರುವುದು. ಪೊಟ್ಟಣಗಳ ಮೇಲಿನ ಘೋಷಣೆಗಳು ದೇವನಾಗರಿ ಲಿಪಿಯ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಇರತಕ್ಕದ್ದೆಂದು 2011ರ ನಿಯಮಗಳು ಹೇಳುತ್ತವೆ. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ; ಆದರೆ ಸೇರಿಸಬೇಕೆಂಬ ವಿಧಿಯೂ ಇಲ್ಲ. ಹಿಂದಿನ ಛಾಪು ಅಕ್ಷರ ಬಾರದವನಿಗೂ ಅರ್ಥವಾಗುತ್ತಿತ್ತು. ಇಂದಿನ ಚೀಟಿಯು ಕನ್ನಡವನ್ನು ಬಲ್ಲವನಿಗೂ ಅರ್ಥವಾಗದೆ ಹೋಗಬಹುದು. ಇದನ್ನು ಪ್ರಗತಿಯೆಂದು ಹೇಗೆ ಕರೆಯೋಣ?

ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವು ಈ ಸಮಸ್ಯೆಗೆ ಒಂದು ಬಗೆಯ ಉತ್ತರ ಕೊಟ್ಟಿದೆ. 1912ರಲ್ಲಿ ಆರಂಭವಾದ ಮೈಸೂರಿನ ನೇಯ್ಗೆಯ ಕಾರ್ಖಾನೆಯ ಸೀರೆಗಳ ಸರಿಗೆಯಲ್ಲಿ ನೂರಕ್ಕೆ 65 ಬೆಳ್ಳಿ, 0.65 ಚಿನ್ನ ಇರುತ್ತದೆಂದು ಅದು ಪ್ರಕಟಿಸುತ್ತದೆ. ಪ್ರತಿಯೊಂದು ಸೀರೆಗೂ ಪ್ರತ್ಯೇಕ ಸಂಖ್ಯೆಯನ್ನು ಕೊಡುತ್ತದೆ. ಕಿತ್ತು ಬಿಸಾಡಬಹುದಾದ ಚೀಟಿಯ ಸಾಕ್ಷ್ಯವನ್ನು ಬಟ್ಟೆಗೇ ಕಟ್ಟಿಹಾಕಿದಂತಾಯಿತು. ಆದರೆ ಇದು ಸೀರೆ ಕೊಳ್ಳುವವರಿಗೆ ಸಿಕ್ಕ ಅಭಯ. ಸ್ವಂತ ಮಗ್ಗದ ಬಡ ನೇಕಾರನು ಸರಿಗೆಯನ್ನು ಕೊಳ್ಳುವಾಗ ಅಂಥ ಅಭಯ ಅವನಿಗೂ ಬೇಕು. ತಾಮ್ರದ ಸರಿಗೆ, ಪ್ಲಾಸ್ಟಿಕ್ ಸರಿಗೆ ಪಾಪದ ವಸ್ತುಗಳಲ್ಲ. ಅಗ್ಗದ ಸೀರೆಗೆ ಅವು ಬೇಕೇ ಬೇಕು. ಒಂದನ್ನು ಮತ್ತೊಂದರ ಹೆಸರಿನಲ್ಲಿ ಮಾರುವುದು ಮಾತ್ರ ಪಾಪ.

2025ರಲ್ಲಿ ಬೆಂಗಳೂರಿನ ಒಂದು ಕಲಾ ಸಂಗ್ರಹಾಲಯದಲ್ಲಿ ಹಳೆಯ ಜವಳಿ ಚೀಟಿಗಳ ಪ್ರದರ್ಶನ ನಡೆಯಿತು. ಅಹಮದಾಬಾದಿನ ಗಿರಣಿಗಳಲ್ಲಿ ಬಹಳಷ್ಟು ಮುಚ್ಚಿಹೋಗಿವೆ. ಅವುಗಳ ಚೀಟಿಗಳು ಚೌಕಟ್ಟಿನೊಳಗೆ ಸೇರಿವೆ. ಸರಿಗೆಯ ಚೀಟಿಗೆ ಅಂಥ ಗೌರವ ಇನ್ನೂ ಬಂದಿಲ್ಲ, ಬರಬೇಕಾದ ಅವಸರವೂ ಇಲ್ಲ. ಅದಕ್ಕೆ ಇನ್ನೂ ಮಾಡಬೇಕಾದ ಕೆಲಸವಿದೆ. ಸೂರತ್ತಿನಲ್ಲಿಯೂ ಅಹಮದಾಬಾದಿನಲ್ಲಿಯೂ ವ್ಯಾಪಾರ, ವಿನ್ಯಾಸ, ಅಧ್ಯಾಪನಗಳಲ್ಲಿ ತೊಡಗಿರುವ ಕನ್ನಡಿಗರು ಆ ಪೊಟ್ಟಣದ ಮೇಲೆ ನಾಲ್ಕು ಸಾಲು ಕನ್ನಡವನ್ನು ಬರೆಯಿಸಲು ಶ್ರಮಿಸಿದರೆ, ಅದು ಮೊಳಕಾಲ್ಮೂರಿನ ಮಗ್ಗಕ್ಕೆ ಸಲ್ಲಿಸಿದ ಸೇವೆಯಾದೀತು.