ರಾಮನಗರದ ಭಂಟಾ, ಮಟ್ಟುವಿನ ಗುಳ್ಳ: ಎರಡು ದಡಗಳ ಬದನೆ ಚರಿತ್ರೆ

ಕಾಶಿಗೆ ಹೋಗಿ ಬಂದವರನ್ನು ಏನೇನು ನೋಡಿದಿರಿ ಎಂದು ಕೇಳಿದರೆ ವಿಶ್ವನಾಥ, ಅನ್ನಪೂರ್ಣೆ, ವಿಶಾಲಾಕ್ಷಿ, ಜಂಗಮವಾಡಿ ಮಠ, ಗಂಗಾ ಆರತಿ ಎಂದು ಪಟ್ಟಿ ಹೇಳುತ್ತಾರೆ. ಗಂಗೆಯ ಆಚೆ ದಡದ ರಾಮನಗರಕ್ಕೆ ಹೋದವರು ಕಡಿಮೆ. ಹೋದವರೂ ಕೋಟೆ ನೋಡಿ, ಲಸ್ಸಿ ಕುಡಿದು ಹಿಂದಿರುಗುತ್ತಾರೆ. ಆ ಊರಿನ ಹೆಸರು ಹೊತ್ತ ಒಂದು ಬದನೆಕಾಯಿ ಇದೆ, ಅದಕ್ಕೆ ಸರ್ಕಾರದ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಇದೆ ಎಂದರೆ ಹೆಚ್ಚಿನವರಿಗೆ ಅಚ್ಚರಿಯಾಗುತ್ತದೆ. ಉಡುಪಿಯ ಕಡೆಯವರಿಗೆ ಮಾತ್ರ ಆಗದು. ಅವರ ಮಟ್ಟುಗುಳ್ಳಕ್ಕೆ ಅದೇ ಮಾನ್ಯತೆ 2011ರಲ್ಲೇ ಸಿಕ್ಕಿದೆ. ಈ ಎರಡು ಬದನೆಗಳ ಕಥೆಯನ್ನು ಒಟ್ಟಿಗೆ ಓದಿದರೆ ನಮ್ಮ ಅಡುಗೆಮನೆ, ಹಬ್ಬದ ಪಂಚಾಂಗ ಮತ್ತು ಹೊಲದ ನಡುವೆ ಇದ್ದ ನಂಟು ಕಣ್ಣಿಗೆ ಬೀಳುತ್ತದೆ.

ಆಚೆ ದಡದ ಊರು

ರಾಮನಗರದ ಕೋಟೆಯನ್ನು 1750ರ ಸುಮಾರಿಗೆ ರಾಜಾ ಬಲವಂತ ಸಿಂಗ್ ಚುನಾರದ ಕಲ್ಲಿನಿಂದ ಕಟ್ಟಿಸಿದ. ಅಂದಿನಿಂದ ಅದು ಕಾಶಿನರೇಶರ ವಾಸಸ್ಥಾನ. ಅಲ್ಲಿನ ತಿಂಗಳಿಡೀ ನಡೆಯುವ ರಾಮಲೀಲೆ ಜಗತ್ಪ್ರಸಿದ್ಧ. 'ಜೈ ಜವಾನ್ ಜೈ ಕಿಸಾನ್' ಎಂಬ ಘೋಷಣೆ ಕೊಟ್ಟ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಪೂರ್ವಿಕರ ಮನೆ ಇರುವುದೂ ಈ ಊರಿನಲ್ಲೇ. ಈಗ ಅದು ವಸ್ತುಸಂಗ್ರಹಾಲಯ.

ಕಾಶಿಗೂ ರಾಮನಗರಕ್ಕೂ ನಡುವೆ ಹರಿಯುವುದು ಗಂಗೆ. ಪಕ್ಕಾ ಸೇತುವೆ ಬರುವ ಮೊದಲು ಇಲ್ಲಿ ಪೀಪಾಯಿಗಳ ಮೇಲೆ ಹಲಗೆ ಹಾಸಿದ ತೇಲುಸೇತುವೆ ಇತ್ತು. ಮಳೆಗಾಲದಲ್ಲಿ ಅದನ್ನು ಬಿಚ್ಚಿಡುತ್ತಿದ್ದರು. ಆಗ ದೋಣಿಯೇ ಗತಿ; ಇಲ್ಲವೇ ಕೆಳಗಡೆ ರಾಜಘಾಟಿನ ಸೇತುವೆಯ ಸುತ್ತು ದಾರಿ. ಹೀಗೆ ವರ್ಷದ ಕೆಲವು ತಿಂಗಳು ಅರ್ಧ ದ್ವೀಪವಾಗುವ ಊರಿನಲ್ಲಿ ಹತ್ತಿರದ ಹೊಲದ್ದೇ ಊಟ. ಕೆಳಹರಿವಿನಲ್ಲಿ ಗಂಗೆಯ ಕವಲುಗಳ ನಡುವೆ ಢಾಬ್ ಎಂಬ ನಿಜವಾದ ದ್ವೀಪವೇ ಇದೆ. ಪ್ರತಿ ವರ್ಷದ ನೆರೆ ಈ ದಡಗಳಿಗೆ ಹೊಸ ಮೆಕ್ಕಲು ತರುತ್ತದೆ. ನೀರು ಇಳಿದ ಮೇಲೆ ತರಕಾರಿ, ಬೇಸಿಗೆಯ ಮರಳಿನಲ್ಲಿ ಸೌತೆ, ಕರ್ಬೂಜ, ಕಲ್ಲಂಗಡಿ. ಯಾವಾಗ ಏನು ಬೆಳೆಯಬೇಕು ಎಂದು ನದಿಯೇ ಹೇಳುತ್ತದೆ.

ಈ ಮೆಕ್ಕಲಿನ ಕೂಸು ರಾಮನಗರದ ಭಂಟಾ. ದೊಡ್ಡ ಗಾತ್ರ, ದುಂಡನೆಯ ಆಕಾರ, ಕಡಿಮೆ ಬೀಜ, ಮೆತ್ತನೆಯ ತಿರುಳು. ಸಂಸ್ಕೃತದಲ್ಲಿ ಬದನೆಗೆ 'ಭಂಟಾಕೀ' ಎಂಬ ಹೆಸರುಂಟು. ಭೋಜಪುರಿಯ ಭಂಟಾ ಅದರದೇ ರೂಪ. 2023ರಲ್ಲಿ ಬನಾರಸಿ ಲಂಗಡಾ ಮಾವು ಮತ್ತು ಬನಾರಸಿ ಪಾನ್ ಜೊತೆಗೆ ಇದಕ್ಕೂ ಜಿಐ ಮಾನ್ಯತೆ ದೊರೆಯಿತು.

ಲೋಟಾ, ಭಂಟಾ ಮತ್ತು ಹೆಂಗಸರ ಜಾತ್ರೆ

ಚಾತುರ್ಮಾಸ್ಯದಲ್ಲಿ ಬದನೆ ತಿನ್ನಬಾರದೆಂಬ ನಿಯಮ ನಮ್ಮಲ್ಲಿ ಹಲವು ಮನೆಗಳಲ್ಲಿದೆ. ಉತ್ತರದಲ್ಲೂ ಇದೆ. ಅಜ್ಜಿಯಂದಿರು ಮಡಿಯ ಮಾತಾಗಿ ಹೇಳುತ್ತಿದ್ದುದಕ್ಕೆ ಹೊಲದ ಅರ್ಥವೂ ಉಂಟು. ಮಳೆಗಾಲದ ಬದನೆಗೆ ಹುಳದ ಕಾಟ ಹೆಚ್ಚು. ಮಳೆ ನಿಂತು ಚಳಿ ಹತ್ತಿದ ಮೇಲಿನ ಕಾಯಿಗೇ ರುಚಿ. ಉತ್ಥಾನ ದ್ವಾದಶಿಗೆ ನಾವು ತುಳಸಿಯ ಜೊತೆ ನೆಲ್ಲಿಕೊಂಬೆ ಇಟ್ಟು ಪೂಜಿಸುವ ಹೊತ್ತಿಗೆ ಕಾಶಿಯ ಕಡೆ ಏಕಾದಶಿಯಂದು ಹೊಸ ಕಬ್ಬು, ಸಿಹಿಗೆಣಸು, ಕೆರೆಯ ಸಿಂಘಾಡ ದೇವರ ಮುಂದೆ ಬರುತ್ತವೆ.

ಮುಂದೆ ಮಾರ್ಗಶಿರದಲ್ಲಿ, ಅಲ್ಲಿನವರು ಅಗಹನ್ ಎನ್ನುವ ತಿಂಗಳಿನ ಕೃಷ್ಣಪಕ್ಷದ ಷಷ್ಠಿಯಂದು, ವರುಣಾ ನದಿಯ ದಂಡೆಯ ರಾಮೇಶ್ವರದಲ್ಲಿ 'ಲೋಟಾ ಭಂಟಾ' ಜಾತ್ರೆ. ಇದು ಪಂಚಕ್ರೋಶಿ ಯಾತ್ರೆಯ ಒಂದು ತಂಗುದಾಣ. ಸಂತಾನ ಬೇಡುವವರು, ಬೇಡಿ ಪಡೆದವರು, ಹೀಗೆ ಹೆಂಗಸರೇ ಹೆಚ್ಚಾಗಿ ಬರುತ್ತಾರೆ. ನದಿಯಲ್ಲಿ ಮಿಂದು, ಬಯಲಿನಲ್ಲೇ ಬೆರಣಿಯ ಕೆಂಡ ಮಾಡಿ, ಬದನೆ ಸುಟ್ಟು ಚೋಖಾ, ಹಿಟ್ಟಿನುಂಡೆ ಸುಟ್ಟು ಬಾಟಿ ಮಾಡಿ, ಶಿವನಿಗೆ ನೈವೇದ್ಯ ಮಾಡಿ ಒಟ್ಟಿಗೆ ಉಣ್ಣುತ್ತಾರೆ. ಚೋಖಾ ಎಂದರೆ ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಅಕ್ಕ. ನಾವು ಹುಣಸೆಹುಳಿ, ಬೆಲ್ಲ, ಇಂಗಿನ ಒಗ್ಗರಣೆ ಹಾಕುತ್ತೇವೆ. ಅವರು ಹಸಿ ಸಾಸಿವೆ ಎಣ್ಣೆ, ಬೆಳ್ಳುಳ್ಳಿ, ಹಸಿಮೆಣಸು ಹಾಕುತ್ತಾರೆ. ಉತ್ತರ ಕರ್ನಾಟಕದವರಿಗೆ ಎಳ್ಳಮಾವಾಸ್ಯೆಯ ಚರಗ, ಹೊಲದಲ್ಲಿ ಕೂತು ಉಣ್ಣುವ ರೊಟ್ಟಿ, ಬದನೆಕಾಯಿ ಪಲ್ಯ ನೆನಪಾದೀತು.

ಸಮುದ್ರ ಮತ್ತು ಹೊಳೆಯ ನಡುವೆ

ಈಗ ನಮ್ಮ ಕರಾವಳಿಗೆ ಬರೋಣ. ಉಡುಪಿಯ ಕಟಪಾಡಿ ಹತ್ತಿರದ ಮಟ್ಟುವಿಗೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಹೊಳೆ. ಮಳೆಗಾಲದಲ್ಲಿ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಗುಳ್ಳ. ತಿಳಿಹಸಿರು ಮೈ, ಬಿಳಿ ಗೀರು, ತೆಳು ಸಿಪ್ಪೆ, ತೊಟ್ಟಿನಲ್ಲಿ ಮುಳ್ಳು. ಸೋದೆ ಮಠದ ವಾದಿರಾಜ ಯತಿಗಳು ಹಯಗ್ರೀವ ದೇವರ ಅನುಗ್ರಹದ ಬೀಜವನ್ನು ಮಟ್ಟುವಿನವರಿಗೆ ಕೊಟ್ಟರೆಂಬುದು ಊರಿನ ನಂಬಿಕೆ. ಹದಿನಾರನೆಯ ಶತಮಾನದ ಆ ಯತಿಗಳು ದೇಶ ಸುತ್ತಿ 'ತೀರ್ಥಪ್ರಬಂಧ' ಬರೆದವರು. ಕಾಶಿಯೂ ಅದರಲ್ಲಿ ಬರುತ್ತದೆ. ಬೀಜ ಎಲ್ಲಿಂದ ಬಂತು ಎಂಬುದನ್ನು ನಂಬಿಕೆಗೇ ಬಿಡೋಣ. ಮೊದಲ ಫಸಲನ್ನು ಕೃಷ್ಣನಿಗೆ ಒಪ್ಪಿಸುವ ವಾಡಿಕೆ, ಪರ್ಯಾಯದ ಹೊರೆಕಾಣಿಕೆಯಲ್ಲಿ ಗುಳ್ಳದ ರಾಶಿ, ಇವು ಇಂದಿಗೂ ಕಾಣುವ ಸತ್ಯ. ದೇವರಿಗೆ ಇದೇ ಕಾಯಿ ಬೇಕು ಎಂಬ ಕಟ್ಟಳೆ ಇದ್ದುದರಿಂದ ರೈತ ಬೇರೆ ಬೀಜಕ್ಕೆ ಹೋಗಲಿಲ್ಲ.

ಇನ್ನೊಂದು ಕಾರಣವೂ ಉಂಟು. ಬದನೆ ಹೂವು ಹೆಚ್ಚಾಗಿ ತನ್ನದೇ ಪರಾಗದಿಂದ ಕಾಯಿ ಕಟ್ಟಿದರೂ ಜೇನುನೊಣಗಳಿಂದ ಸ್ವಲ್ಪ ಬೆರಕೆ ಆಗುತ್ತದೆ. ಸುತ್ತ ನೀರಿರುವ, ಒಂದೇ ತಳಿ ಬೆಳೆಯುವ ಊರಿನಲ್ಲಿ ಆ ಬೆರಕೆ ಕಡಿಮೆ. ಕಾಯಿಯ ಗುಣ ತಲೆಮಾರುಗಳವರೆಗೆ ಉಳಿಯುವುದು ಹೀಗೆ.

ಬದನೆಯ ಮೇಲಿನ ಕನ್ನಡಿಗರ ಮೋಹ ಹಳೆಯದು. ಹದಿನಾರನೆಯ ಶತಮಾನದ ಮೂರನೆಯ ಮಂಗರಸ ತನ್ನ 'ಸೂಪಶಾಸ್ತ್ರ'ದಲ್ಲಿ ಬದನೆಯ ಹಲವು ಅಡುಗೆಗಳನ್ನು ಷಟ್ಪದಿಯಲ್ಲಿ ಹೇಳಿದ್ದಾನೆ.

ಬೀಜ ಯಾರದು?

ಈ ಪ್ರಶ್ನೆ ಬೀದಿಗೆ ಬಂದದ್ದು ಬಿಟಿ ಬದನೆಯ ಕಾಲದಲ್ಲಿ. ಕಾಯಿಕೊರಕ ಹುಳವನ್ನು ತಡೆಯುವ ಬ್ಯಾಕ್ಟೀರಿಯಾದ ವಂಶವಾಹಿಯನ್ನು ಬದನೆಗೆ ಸೇರಿಸಿದ ತಳಿ ಅದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಈ ಕೆಲಸಕ್ಕೆ ತೆಗೆದುಕೊಂಡ ನಾಟಿ ತಳಿಗಳಲ್ಲಿ ಮಳಾಪುರ, ಮಂಜರಿ ಗೋಟ, ಕುಡಚಿ, ರಬಕವಿ ಬದನೆಗಳ ಜೊತೆ ಉಡುಪಿ ಗುಳ್ಳವೂ ಇತ್ತು. 2009ರ ಅಕ್ಟೋಬರಿನಲ್ಲಿ ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಸೂಚಿಸಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಜನರ ಅಭಿಪ್ರಾಯ ಕೇಳಿ, 2010ರ ಫೆಬ್ರವರಿ 9ರಂದು ಅದಕ್ಕೆ ತಡೆ ಹಾಕಿದರು.

ಅದೇ ವರ್ಷ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಇನ್ನೊಂದು ದೂರು ಕೊಟ್ಟಿತು. 2002ರ ಜೀವವೈವಿಧ್ಯ ಕಾಯ್ದೆಯಂತೆ ಅನುಮತಿ ಪಡೆಯದೆ ಈ ನಾಟಿ ತಳಿಗಳನ್ನು ಬಳಸಲಾಗಿದೆ ಎಂಬುದು ಅದರ ಆಕ್ಷೇಪ. ವಂಶವಾಹಿ ಒಳ್ಳೆಯದೋ ಕೆಟ್ಟದೋ ಎಂಬ ವಾದ ಬೇರೆ. ಅದರಲ್ಲಿ ವಿಜ್ಞಾನಿಗಳಲ್ಲೂ ಎರಡು ಮಾತಿದೆ. ಆದರೆ ತಲೆತಲಾಂತರದಿಂದ ಬೀಜ ಕಾಪಾಡಿದವರನ್ನು ಒಂದು ಮಾತು ಕೇಳಬೇಕಿತ್ತಲ್ಲವೇ ಎಂಬುದು ಸರಳ ಪ್ರಶ್ನೆ.

ಕಾಪಾಡಿದವರಲ್ಲಿ ಹೆಂಗಸರ ಪಾಲು ದೊಡ್ಡದು. ಒಳ್ಳೆಯ ಗಿಡದ ಒಳ್ಳೆಯ ಕಾಯಿಯನ್ನು ಕೀಳದೆ ಹಣ್ಣಾಗಿ ಹಳದಿಯಾಗುವವರೆಗೆ ಬಿಡುವುದು, ಕಿವುಚಿ ತೊಳೆದು, ಬೂದಿ ಬೆರೆಸಿ ಒಣಗಿಸಿ, ಮುಂದಿನ ವರ್ಷಕ್ಕೆ ಕಟ್ಟಿಡುವುದು. ಈ ಕೆಲಸಕ್ಕೆ ಕೂಲಿಯಿಲ್ಲ, ಪ್ರಶಸ್ತಿಯಿಲ್ಲ, ಪಹಣಿಯಲ್ಲಿ ಹೆಸರೂ ಇಲ್ಲ.

ಮುದ್ರೆಯೊಂದೇ ಸಾಲದು

ಜಿಐ ಮಾನ್ಯತೆ ಹೆಸರನ್ನು ಕಾಯುತ್ತದೆ, ಹೊಲವನ್ನು ಕಾಯುವುದಿಲ್ಲ. ರಾಮನಗರ ಈಗ ವಾರಾಣಸಿ ಮಹಾನಗರ ಪಾಲಿಕೆಯ ಭಾಗ. ಪಕ್ಕದಲ್ಲೇ ಕೈಗಾರಿಕಾ ಪ್ರದೇಶವಿದೆ. ಬದನೆ ಬೆಳೆಯುವ ನೆಲಕ್ಕೆ ನಿವೇಶನದ ಬೆಲೆ ಬಂದರೆ ಬದನೆ ಉಳಿಯುವುದು ಕಷ್ಟ. ಮಟ್ಟುವಿನಲ್ಲಿ ಗದ್ದೆಗೆ ಉಪ್ಪುನೀರು ನುಗ್ಗುವ ಭಯ, ಗಿಡಕ್ಕೆ ಸೊರಗು ರೋಗ, ಪೇಟೆಯಲ್ಲಿ ಬೇರೆ ಗುಳ್ಳವನ್ನು ಮಟ್ಟುವಿನದೆಂದು ಮಾರುವವರ ಕಾಟ. ಅದಕ್ಕೇ ಬೆಳೆಗಾರರು ಕಾಯಿಗೆ ಸ್ಟಿಕ್ಕರ್ ಅಂಟಿಸಿ ಮಾರುವ ಉಪಾಯ ಕಂಡುಕೊಂಡರು.

ಎರಡೂ ಊರುಗಳಲ್ಲಿ ಬದನೆಯನ್ನು ಇಲ್ಲಿಯವರೆಗೆ ಉಳಿಸಿದ್ದು ಉಣ್ಣುವವರು. ಕೃಷ್ಣಮಠದ ಗುಳ್ಳದ ಹುಳಿ ಬೇಕೆನ್ನುವವರು, ಲೋಟಾ ಭಂಟಾಕ್ಕೆ ಬುಟ್ಟಿ ಹಿಡಿದು ಹೊರಡುವ ತಾಯಂದಿರು ಇರುವತನಕ ಬೆಳೆಯುವವರೂ ಇರುತ್ತಾರೆ. ಊರು ಬಿಟ್ಟು ದೂರ ಬಂದು ವರ್ಷವಿಡೀ ಒಂದೇ ಬಗೆಯ ತರಕಾರಿ ಕೊಳ್ಳುವ ನಮಗೂ ಇದರಲ್ಲಿ ಕೆಲಸವಿದೆ. ಮನೆಯ ಹಿರಿಯರನ್ನು ಕೇಳಿ, ನಿಮ್ಮ ಊರಿನ ಬದನೆ ಯಾವುದು, ಯಾವ ತಿಂಗಳು ಬರುತ್ತಿತ್ತು, ಅದರಲ್ಲಿ ಏನು ಮಾಡುತ್ತಿದ್ದರು ಎಂದು ಬರೆದಿಡಿ. ಊರಿಗೆ ಹೋದಾಗ ಹುಡುಕಿ ಕೊಳ್ಳಿ. ಮುಂದಿನ ಸಲ ಕಾಶಿಗೆ ಹೋದರೆ, ಚಳಿಗಾಲವಾಗಿದ್ದರೆ, ಗಂಗೆ ದಾಟಿ ರಾಮನಗರದ ಸಂತೆಯಲ್ಲಿ ಒಂದು ಭಂಟಾ ಕೊಂಡು ಚೋಖಾ ತಿಂದು ನೋಡಿ. ಕಾಶಿಯಲ್ಲಿ ಒಂದು ಕಾಯಿ, ಒಂದು ಹಣ್ಣು ಬಿಟ್ಟು ಬರುವ ಪದ್ಧತಿ ಇಟ್ಟುಕೊಂಡವರು ದಯವಿಟ್ಟು ಬದನೆಯನ್ನು ಮಾತ್ರ ಬಿಡಬೇಡಿ.