ಕತ್ತರಿ ಬಿದ್ದ ಬೈಬಲ್

ಬೈಬಲಿಗೆ ಕತ್ತರಿ ಹಾಕಿದವರು ನಾಸ್ತಿಕರಲ್ಲ, ಭಕ್ತರು. 1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬು ಕಡಿಯುತ್ತಿದ್ದ ಕರಿಯ ಗುಲಾಮರಿಗೆಂದೇ ಆರಿಸಿದ ಭಾಗಗಳು.

ಅದರಲ್ಲಿ ಏನಿರಲಿಲ್ಲ ಅನ್ನೋದನ್ನು ನಾವು ನೋಡಬೇಕು. ಮೋಶೆ ತನ್ನ ಜನರನ್ನು ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿದ ಕತೆ ಇಲ್ಲ. ದೇವರ ನ್ಯಾಯಕ್ಕಾಗಿ ಮೊರೆಯಿಡುವ ಕೀರ್ತನೆಗಳಿಲ್ಲ. ನೆರೆಯವನನ್ನು ಬಿಟ್ಟಿ ದುಡಿಸಿಕೊಂಡು ಮನೆ ಕಟ್ಟಿದವನಿಗೆ ಯೆರೆಮೀಯ ಹಾಕಿದ ಶಾಪ ಇಲ್ಲ. ಆದರೆ ದಾಸರು ಧಣಿಗಳಿಗೆ ತಗ್ಗಿ ನಡೀಬೇಕು ಅನ್ನೋ ಮಾತು ಮಾತ್ರ ಭದ್ರವಾಗಿ ಉಳಿದಿತ್ತು!

ಕತ್ತರಿ ಹಿಡಿದವರು ದಡ್ಡರಲ್ಲ. ನ್ಯಾಯದ ಹಸಿವು ಯಾವ ಪುಟದಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಬಿಟ್ಟ ಪುಟಗಳೇ ಅದಕ್ಕೆ ಸಾಕ್ಷಿ.

ಆದರೂ ಆ ಹಸಿವು ಸಾಯಲಿಲ್ಲ. ಜಮೈಕಾದ ಸ್ಯಾಮ್ ಶಾರ್ಪ್ ಗುಲಾಮ. ಆದರೆ ಓದಬಲ್ಲವನು, ಬ್ಯಾಪ್ಟಿಸ್ಟ್ ಸಭೆಯ ಹಿರಿಯ. ಮನುಷ್ಯ ಮನುಷ್ಯನ ಆಸ್ತಿಯಲ್ಲ ಅನ್ನೋದನ್ನು ಬೈಬಲಿನಲ್ಲೇ ಕಂಡ, ತನ್ನವರಿಗೂ ತೋರಿಸಿದ. 1831ರ ಕ್ರಿಸ್‌ಮಸ್ ಕಳೆದ ಮೇಲೆ ಕೂಲಿಯಿಲ್ಲದೆ ಕಬ್ಬು ಕಡಿಯೋದಿಲ್ಲ ಎಂದು ಹೊರಟ ಮುಷ್ಕರ ದಂಗೆಯಾಯಿತು. ಹತ್ತಾರು ಸಾವಿರ ಗುಲಾಮರು ಎದ್ದರು. ತೋಟದ ಮನೆಗಳು ಉರಿದವು. ಸೈನ್ಯ ಬಂತು, ನೂರಾರು ಜನರನ್ನು ಕೊಂದಿತು. 1832ರ ಮೇ 23ರಂದು ಶಾರ್ಪನನ್ನು ನೇಣಿಗೆ ಹಾಕಿದರು.

ಮರುವರ್ಷವೇ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದತಿಯ ಕಾನೂನು ಮಾಡಿತು. ಪರಿಹಾರವೆಂದು 2 ಕೋಟಿ ಪೌಂಡ್ ಎತ್ತಿಟ್ಟಿತು. ಯಾರಿಗೆ? ಧಣಿಗಳಿಗೆ! ದುಡಿದು ಸವೆದವರಿಗೆ ಬಿಡಿಗಾಸೂ ಇಲ್ಲ.

ಯೆರೆಮೀಯನ ಪುಟವನ್ನು ಯಾಕೆ ಬಿಟ್ಟರು ಅಂತ ಈಗ ಗೊತ್ತಾಯಿತಲ್ಲ? ಆ ಕೂಲಿಯ ಬಾಕಿ ಇನ್ನೂ ತೀರಿಲ್ಲ.