ನಾಲ್ಕು ಪಂಖದ ಯಂತ್ರ ನೂರು ವರ್ಷ ಕಾದದ್ದೇಕೆ?



ಹೊಲದ ಮೇಲೆ ಔಷಧಿ ಸಿಂಪಡಿಸುತ್ತಾ ಸಾಗುವ ಡ್ರೋನನ್ನು ನಿಮ್ಮಲ್ಲಿ ಹಲವರು ಈಗಾಗಲೇ ನೋಡಿದ್ದೀರಿ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನು ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ, ಅದನ್ನು ಹಾರಿಸುವ ಕೆಲಸ ಹಳ್ಳಿಯ ಹೆಣ್ಣುಮಕ್ಕಳ ಕೈಗೂ ಬಂದಿದೆ. ಅದರ ಪಂಖವನ್ನು ಹತ್ತಿರದಿಂದ ನೋಡಿದರೆ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಸಣ್ಣದಾದರೆ 1045, ಸಿಂಪಡಣೆಯ ದೊಡ್ಡ ಯಂತ್ರದ್ದಾದರೆ 3090, ಹೀಗೆ. 1045 ಎಂದರೆ ಪಂಖದ ಅಡ್ಡಳತೆ 10 ಅಂಗುಲ, ಪಿಚ್ಚು 4.5 ಅಂಗುಲ. 3090 ಎಂದರೆ ಅಡ್ಡಳತೆ 30, ಪಿಚ್ಚು 9. ಈ ಎರಡು ಅಳತೆಗಳ ಹಿಂದೆ ಒಂದು ಉದ್ದನೆಯ ಕಥೆಯಿದೆ.

ಅಡ್ಡಳತೆ ಎಲ್ಲರಿಗೂ ತಿಳಿದದ್ದೇ. ಪಿಚ್ಚು ಎಂದರೇನು? ಬೋಲ್ಟಿನ ಮೈಗೆ ಸುತ್ತಿಕೊಂಡಿರುವ ಗೀರನ್ನು ನಿಮ್ಮಲ್ಲಿ ಕೆಲವರು ಮರೆ ಎನ್ನುತ್ತೀರಿ, ಸೊಲ್ಲಾಪುರ, ಜತ್ತ ಕಡೆಯವರು ಆಟೆ ಎನ್ನುತ್ತೀರಿ. ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಅದು ಎಷ್ಟು ದೂರ ಸರಿಯುತ್ತದೋ ಅದೇ ಪಿಚ್ಚು. ಪಂಖವೂ ಗಾಳಿಯೊಳಗೆ ಕೊರೆದು ಹೋಗುವ ಒಂದು ಸ್ಕ್ರೂ. ಅಲಗಿನ ಓರೆ ಹೆಚ್ಚಾದಷ್ಟೂ ಪಿಚ್ಚು ಹೆಚ್ಚು. ಆದರೆ ಗಾಳಿ ಮರದ ಹಲಗೆಯಲ್ಲ, ಜಾರುತ್ತದೆ. ಲೆಕ್ಕದಷ್ಟು ಮುನ್ನಡೆ ಎಂದೂ ಸಿಗದು.

ಈ ಪಾಠ ಮೊದಲು ಸಿಕ್ಕಿದ್ದು ನೀರಿನಲ್ಲಿ. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬಾತ ರೈತ. ತನ್ನ ಜಮೀನಿನ ಕೊಳದಲ್ಲೇ ಆಟಿಕೆಯಂಥ ದೋಣಿ ಬಿಟ್ಟು ಪರೀಕ್ಷೆ ಮಾಡಿ, 1836ರಲ್ಲಿ ಸ್ಕ್ರೂ ಪಂಖಕ್ಕೆ ಪೇಟೆಂಟು ಪಡೆದ. ಅವನ ಮರದ ಸ್ಕ್ರೂ ಎರಡು ಪೂರ್ತಿ ಸುತ್ತಿನದು. 1837ರಲ್ಲಿ ಕಾಲುವೆಯಲ್ಲಿ ದೋಣಿ ಓಡಿಸುತ್ತಿದ್ದಾಗ ಸ್ಕ್ರೂ ಏನಕ್ಕೋ ಬಡಿದು ಅರ್ಧ ಮುರಿದುಹೋಯಿತು. ದೋಣಿ ನಿಲ್ಲುವ ಬದಲು ಮೊದಲಿಗಿಂತ ಜೋರಾಗಿ ಓಡಿತು! ಪಂಖದ ವಿದ್ಯೆಯಲ್ಲಿ ಊಹೆ ನಡೆಯದು, ಅಳೆದೇ ನೋಡಬೇಕು ಎಂಬುದು ಅಂದೇ ಗೊತ್ತಾಯಿತು.

ಇನ್ನು ಗಾಳಿಗೆ ಬರೋಣ. 1907ರಲ್ಲಿ ಫ್ರಾನ್ಸಿನ ದುವೇ ಎಂಬ ಊರಿನಲ್ಲಿ ಬ್ರೆಗೆ ಸಹೋದರರು ಪ್ರೊಫೆಸರ್ ಷಾರ್ಲ್ ರಿಷೆಯವರ ಜೊತೆಗೂಡಿ ನಾಲ್ಕು ಪಂಖದ ಯಂತ್ರವೊಂದನ್ನು ಕಟ್ಟಿದರು. ಈ ರಿಷೆ ವೈದ್ಯವಿಜ್ಞಾನಿ, 1913ರಲ್ಲಿ ನೊಬೆಲ್ ಪಡೆದವರು. ಹಾರುವ ಹುಚ್ಚು ಯಾರನ್ನೂ ಬಿಟ್ಟಿರಲಿಲ್ಲ. ಒಂದೊಂದು ಪಂಖವೂ ಸುಮಾರು 8 ಮೀಟರು ಅಗಲ. ಯಂತ್ರ ಮನುಷ್ಯನನ್ನು ಹೊತ್ತು ನೆಲ ಬಿಟ್ಟಿತು, ಆದರೆ ಮೊಣಕಾಲೆತ್ತರಕ್ಕೆ. ಅದೂ ನಾಲ್ಕು ಮೂಲೆಯಲ್ಲಿ ನಾಲ್ಕು ಜನ ಹಿಡಿದುಕೊಂಡಿದ್ದಾಗ. ಏಳುವುದು ಸಾಧ್ಯವಾಯಿತು, ನೆಟ್ಟಗೆ ನಿಲ್ಲುವುದು ಆಗಲಿಲ್ಲ.

ಆ ತೊಡಕನ್ನು ಬಿಡಿಸಲು ಹೊರಟವರು ರಷ್ಯಾ ಬಿಟ್ಟು ಅಮೆರಿಕ ಸೇರಿದ್ದ ಜಾರ್ಜ್ ಡಿ ಬೊಥೆಜಾಟ್. ರೈಟ್ ಸಹೋದರರ ಊರಾದ ಡೇಟನ್ನಿನಲ್ಲಿ ಸೇನೆಯ ಹಣದಿಂದ ಅವರು ಕಟ್ಟಿದ ಯಂತ್ರಕ್ಕೆ ನಾಲ್ಕು ತೋಳು, ತೋಳಿನ ತುದಿಗೊಂದು ಆರು ಅಲಗಿನ ಪಂಖ, ಅಗಲ 8 ಮೀಟರಿಗೂ ಹೆಚ್ಚು. ನಾಲ್ಕನ್ನೂ ತಿರುಗಿಸುವುದು ನಡುವಿನ ಒಂದೇ ಎಂಜಿನ್ನು. ಹಾಗಾಗಿ ಒಂದು ಪಂಖದ ವೇಗ ಮಾತ್ರ ಹೆಚ್ಚಿಸುವಂತಿಲ್ಲ. ಬಲಗಡೆ ವಾಲಿದರೆ ಬಲಗಡೆಯ ಅಲಗುಗಳ ಓರೆಯನ್ನು, ಅಂದರೆ ಪಿಚ್ಚನ್ನು, ಹೆಚ್ಚಿಸಬೇಕು. 1922ರ ಡಿಸೆಂಬರ್ 18ರಂದು ಅದು ಸುಮಾರು 1 ನಿಮಿಷ 42 ಸೆಕೆಂಡು ಗಾಳಿಯಲ್ಲಿ ನಿಂತಿತು, ಆಳೆತ್ತರಕ್ಕೆ. ಬೀಸುಗಾಳಿ ತಳ್ಳಿದ ಕಡೆಗೆ ಸರಿಯುತ್ತಾ ಹೋಯಿತು. ಸನ್ನೆ, ಸರಳು, ಹಲ್ಲುಚಕ್ರಗಳ ಆ ಗೋಜಲನ್ನು ನಡೆಸುವವನ ಪಾಡು ದೇವರಿಗೇ ಪ್ರೀತಿ. ಸೇನೆ ಬೇಗನೇ ಅದನ್ನು ಕೈಬಿಟ್ಟಿತು. ಫ್ರಾನ್ಸಿನ ಎತಿಯೆನ್ ಏಮಿಷೆನ್ 1924ರ ಮೇ 4ರಂದು ಇಂಥದೇ ಯಂತ್ರದಲ್ಲಿ ಒಂದು ಕಿಲೋಮೀಟರು ಸುತ್ತಿ ಬಂದರು. ಹಿಡಿದ ಸಮಯ 7 ನಿಮಿಷ 40 ಸೆಕೆಂಡು, ಬಿರುನಡಿಗೆಗಿಂತ ತುಸು ಹೆಚ್ಚು. 1939ರಲ್ಲಿ ಸಿಕೋರ್ಸ್ಕಿಯವರ ಹೆಲಿಕಾಪ್ಟರು ತಲೆಯ ಮೇಲೊಂದು ದೊಡ್ಡ ಪಂಖ, ಬಾಲದಲ್ಲೊಂದು ಚಿಕ್ಕದು ಇಟ್ಟುಕೊಂಡು ಎದ್ದ ಮೇಲೆ ನಾಲ್ಕು ಪಂಖದ ದಾರಿ ಹೆಚ್ಚುಕಡಿಮೆ ಮುಚ್ಚಿಹೋಯಿತು.

ಅವರೇಕೆ ಅಷ್ಟು ದೊಡ್ಡ ಪಂಖ ಕಟ್ಟಿದರು? ಕಾರಣವಿದೆ. ಅಷ್ಟೇ ಭಾರವನ್ನು ಗಾಳಿಯಲ್ಲಿ ಹಿಡಿದು ನಿಲ್ಲಿಸಲು, ಪಂಖದ ಅಡ್ಡಳತೆ ಇಮ್ಮಡಿಯಾದರೆ ಲೆಕ್ಕದ ಪ್ರಕಾರ ಬೇಕಾಗುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕುವುದು, ಸ್ವಲ್ಪ ಗಾಳಿಯನ್ನು ಬಿರುಸಾಗಿ ನೂಕುವುದಕ್ಕಿಂತ ಅಗ್ಗ. ಆದರೆ ಅದೇ ಆಕಾರದ, ಅದೇ ವಸ್ತುವಿನ ಪಂಖ ಇಮ್ಮಡಿ ಅಗಲವಾದರೆ, ಅದರ ಸುತ್ತುವ ವೇಗವನ್ನು ಬದಲಿಸಲು ಒಡ್ಡುವ ಜಡತೆ 32 ಪಟ್ಟು! ಬೀಸುಕಲ್ಲನ್ನು ತಿರುಗಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಪಂಖದ ವೇಗ ಏರಿಸಿ ಇಳಿಸುವಷ್ಟರಲ್ಲಿ ಯಂತ್ರ ಮಗುಚಿರುತ್ತದೆ. ಆದ್ದರಿಂದಲೇ ಆ ಕಾಲದವರು ವೇಗವನ್ನು ಬಿಟ್ಟು ಪಿಚ್ಚಿನ ಹಿಂದೆ ಬಿದ್ದದ್ದು.

ಬೀಗ ತೆರೆದದ್ದು ಪಂಖವನ್ನು ಚಿಕ್ಕದು ಮಾಡಿದಾಗ. ಹಗುರವಾದ ಲಿಥಿಯಂ ಬ್ಯಾಟರಿ, ತೋಳಿಗೊಂದು ವಿದ್ಯುತ್ ಮೋಟಾರು, ವಾಲುವಿಕೆಯನ್ನು ಅಳೆಯುವ ಬೆರಳುಗುರಿಗಿಂತ ಸಣ್ಣ ಗೈರೋ, ಇವೆಲ್ಲ ಇಪ್ಪತ್ತನೆಯ ಶತಮಾನದ ಕೊನೆಗೆ ಒಟ್ಟಿಗೆ ಒದಗಿಬಂದವು. ಪಿಚ್ಚು ಸ್ಥಿರ, ಅಲಗನ್ನು ಓರೆಮಾಡುವ ಸರಳಿಲ್ಲ. ಗಣಕವು ಸೆಕೆಂಡಿಗೆ ನೂರಾರು ಸಲ ಒಂದೊಂದು ಮೋಟಾರಿನ ವೇಗವನ್ನು ತಿದ್ದುತ್ತದೆ. 2010ರಲ್ಲಿ ಪ್ಯಾರಟ್ ಎಂಬ ಫ್ರೆಂಚ್ ಕಂಪನಿಯ ಡ್ರೋನು ಆಟಿಕೆಯಾಗಿ ಅಂಗಡಿಗೇ ಬಂತು. ಮನುಷ್ಯನನ್ನು ಹೊರುವ ಆಸೆಯಿದ್ದವರೂ ಪಂಖವನ್ನು ದೊಡ್ಡದು ಮಾಡಲಿಲ್ಲ, ಸಂಖ್ಯೆ ಹೆಚ್ಚಿಸಿದರು. 2011ರ ಅಕ್ಟೋಬರ್ 21ರಂದು ಜರ್ಮನಿಯ ಥಾಮಸ್ ಸೆಂಕೆಲ್ 16 ಪಂಖದ ವಿದ್ಯುತ್ ಯಂತ್ರದಲ್ಲಿ ಕುಳಿತು ಹಾರಿದರು. ಎಷ್ಟು ಹೊತ್ತು? ಸುಮಾರು ಒಂದೂವರೆ ನಿಮಿಷ. 1922ರ ಡೇಟನ್ನಿನ ಹಾರಾಟಕ್ಕಿಂತ ಒಂದಿಷ್ಟು ಕಡಿಮೆಯೇ!

ಈಗ ನಿಮ್ಮ ಹೊಲದ ಯಂತ್ರಕ್ಕೆ ಬರೋಣ. ಅದು ತುಂಬಿದ ಟ್ಯಾಂಕು ಹೊತ್ತು ನಿಧಾನವಾಗಿ ಸಾಗಬೇಕು. ಆದ್ದರಿಂದ ಅದಕ್ಕೆ ಅಗಲ ಹೆಚ್ಚು, ಅಗಲಕ್ಕೆ ಹೋಲಿಸಿದರೆ ಪಿಚ್ಚು ಕಡಿಮೆ. ಪಂದ್ಯದ ಡ್ರೋನಿಗೆ ಬೇಕಾದದ್ದು ಓಟ. ಅದರ ಪಂಖ ಐದೇ ಅಂಗುಲದ್ದು, ಪಿಚ್ಚು ಮಾತ್ರ ನಾಲ್ಕಂಗುಲಕ್ಕೂ ಮೀರಿದ್ದು. ಪಂಖ ಮುರಿದಾಗ ಅಂಗಡಿಯಲ್ಲಿ ಸಿಕ್ಕಿದ, ಅಷ್ಟೇ ಅಗಲದ ಆದರೆ ಹೆಚ್ಚು ಪಿಚ್ಚಿನದನ್ನು ಹಾಕಿದರೆ ಯಂತ್ರ ಏಳುತ್ತದೆ, ನಿಜ. ಆದರೆ ನಿಂತಲ್ಲಿ ನಿಲ್ಲುವಾಗ ಅಲಗು ಗಾಳಿಯನ್ನು ಹಿಡಿಯದೆ ಕಡೆಯುತ್ತದೆ, ಮೋಟಾರು ಬಿಸಿಯಾಗುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ. ಸಾಲು ಮುಗಿಯುವ ಮೊದಲೇ ಇಳಿಸಬೇಕಾದೀತು. ಒಂದೇ ಪಂಖ ಬದಲಾಗಿ ಉಳಿದವು ಹಳೆಯವೇ ಆಗಿದ್ದರೆ ಗಣಕ ಆ ಒಂದನ್ನು ಸರಿದೂಗಿಸುವುದರಲ್ಲೇ ದಣಿಯುತ್ತದೆ.

ಇನ್ನೊಂದು ಮಾತು. ಅರ್ಧ ಪಂಖಗಳು ಬಲಕ್ಕೆ, ಅರ್ಧ ಎಡಕ್ಕೆ ತಿರುಗುತ್ತವೆ. ಇಲ್ಲದಿದ್ದರೆ ಯಂತ್ರವೇ ಬುಗುರಿಯಂತೆ ಸುತ್ತೀತು. ಎರಡರ ಸಂಖ್ಯೆಯೂ ಒಂದೇ, ಓರೆ ಮಾತ್ರ ತಿರುಗುಮುರುಗು. ಬಲದ್ದನ್ನು ಎಡದ ಮೋಟಾರಿಗೆ ಹಾಕಿದರೆ ಅದು ಗಾಳಿಯನ್ನು ಮೇಲಕ್ಕೆ ನೂಕುತ್ತದೆ, ಔಷಧಿ ತುಂಬಿದ ಟ್ಯಾಂಕಿನ ಸಮೇತ ಯಂತ್ರ ನಿಂತ ನೆಲದಲ್ಲೇ ಮಗುಚುತ್ತದೆ.